ಸೋಲಿಗರ ಕಾಡು, ಸೋಲಿಗರ ದುಡಿಮೆ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವೈದ್ಯ ಎಚ್. ಸುದರ್ಶನ್ ಅವರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದಾಗ ಅದರ ಮೊದಲ ಗಮನ ಅಲ್ಲಿನ ಆದಿವಾಸಿಗಳಾದ ಸೋಲಿಗರ ಆರೋಗ್ಯದತ್ತ ಇದ್ದಿತಾದರೂ, ಹಸಿವಿರುವ ಮನೆಗೆ ಔಷಧವೊಂದೇ ಸಾಲದೆಂಬ ತಿಳಿವಳಿಕೆಯಿಂದ ಶಾಲೆಯೂ ಕಸುಬಿನ ತರಬೇತಿಯೂ ಅದರೊಡನೆ ಬೆಳೆದವು. ಸೋಲಿಗರ ನಗದು ಆದಾಯದ ದೊಡ್ಡ ಪಾಲು ಜೇನು, ನೆಲ್ಲಿಕಾಯಿ, ಸೀಗೆ, ಕಲ್ಲುಹೂವುಗಳಂತಹ ಕಿರು ಅರಣ್ಯೋತ್ಪನ್ನಗಳಿಂದ, ಅಂದರೆ ಮರ ಕಡಿಯದೆ ಕಾಡಿನಿಂದ ಪಡೆಯುವ ವಸ್ತುಗಳಿಂದ, ಬರುತ್ತಿತ್ತು. ಅವನ್ನು ಕೊಂಡು ಮಾರುವ ಹೊಣೆ ಲ್ಯಾಂಪ್ಸ್ ಎಂದು ಹೆಸರಾದ ಆದಿವಾಸಿ ಸಹಕಾರ ಸಂಘಗಳದ್ದಾಗಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಿದ್ದುಪಡಿಯ ತರುವಾಯ ಅಭಯಾರಣ್ಯವಾಗಿದ್ದ ಈ ಬೆಟ್ಟದಲ್ಲಿ ಮಾರಾಟಕ್ಕಾಗಿ ಸಂಗ್ರಹಿಸುವುದು ನಿಷಿದ್ಧವಾದಾಗ, ಕಾಡನ್ನು ತಲೆಮಾರುಗಳಿಂದ ಬಲ್ಲವರೇ ಕೂಲಿ ಹುಡುಕಿಕೊಂಡು ಹೊರಹೋಗಬೇಕಾಯಿತೆಂಬುದು ನಿಜಕ್ಕೂ ನೋವಿನ ಸಂಗತಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ, ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ವರ್ಷದಲ್ಲೇ, ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳು ದೊರೆತುದರಿಂದ ಈ ಸಂಗ್ರಹವೂ ಮಾರಾಟವೂ ಮತ್ತೆ ಕಾನೂನುಬದ್ಧವಾದವು. ಆದರೆ ಹಕ್ಕುಪತ್ರ ಕೈಸೇರಿದ ಮೇಲೂ ದಾಸ್ತಾನು, ಸಂಸ್ಕರಣೆ, ನ್ಯಾಯವಾದ ದರ ಇವುಗಳ ವ್ಯವಸ್ಥೆ ಸಂಗ್ರಹಕಾರರ ಕೈಯಲ್ಲಿಯೇ ಇರುವುದು ಅಗತ್ಯ. ಕಾಡಿನ ದುಡಿಮೆಗೆ ಇನ್ನೊಂದು ದಾರಿಯೂ ಇದೆ: ನೆರೆಯ ಮಲೆಮಹದೇಶ್ವರ ಬೆಟ್ಟದಲ್ಲಿ ಕಳೆಯಾಗಿ ಹಬ್ಬಿದ ಲಂಟಾನದ ಕಡ್ಡಿಗಳಿಂದ ಪೀಠೋಪಕರಣ ಹೆಣೆಯುವ ಕಸುಬು ಬೇರೂರಿದ್ದು, ಕಾಡಿಗೆ ಹೊರೆಯಾದದ್ದನ್ನೇ ದುಡಿಮೆಗೆ ಕಚ್ಚಾವಸ್ತುವಾಗಿಸಿದೆ.