ಹಳೆಯ ಲೇತ್ ಮತ್ತು ಸಂಘದ ಸಾಲ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಸ್ವ-ಉದ್ಯೋಗ ಅಂದರೆ ನಮ್ಮ ಸಭೆಗಳಲ್ಲಿ ಹೊಲಿಗೆ, ಹಪ್ಪಳ, ಹೈನುಗಾರಿಕೆ, ಇಷ್ಟೇ ಮಾತು. ಇವತ್ತು ನಾವು ಕಬ್ಬಿಣದ ಕೆಲಸದ ಬಗ್ಗೆ ಹೇಳುತ್ತೇವೆ. ಬೆಳಗಾವಿಯ ಉದ್ಯಮಬಾಗ ಕಡೆ ಫೌಂಡ್ರಿ, ಲೇತ್ ಕೆಲಸ ನಂಬಿದ ಮನೆಗಳು ಬಹಳ. ಅಂಥದೊಂದು ಮನೆಯ ಸದಸ್ಯೆ ಸಂಘದಿಂದ 40,000 ರೂಪಾಯಿ ಸಾಲ ತೆಗೆದು ನಾಲ್ಕೂವರೆ ಅಡಿಯ ಹಳೆಯ ಲೇತ್ ಕೊಂಡರು. ಗಂಡ ಟರ್ನರ್, ಕಾರ್ಖಾನೆಯ ಕೆಲಸ ಹೋಗಿತ್ತು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಷಿನ್ ಕೂತಿತು. ಮೊದಲ ಆರ್ಡರೇ ವಾಪಸ್ ಬಂತು. ಪಂಪಿನ ಶಾಫ್ಟ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ಬೇರಿಂಗ್ ಕೂರಲಿಲ್ಲ.

“ಗುಜರಿಗೆ ಹಾಕಿ ಸಾಲ ಮುಟ್ಟಿಸಿಬಿಡ್ತೀವ್ರಿ ಸಿಸ್ಟರ್” ಅಂದರು ಆಕೆ. ಆದರೆ ಗುಜರಿಯವನು ಕಿಲೋ ಲೆಕ್ಕದಲ್ಲಿ ಕೊಡುವ ಹಣ ಸಾಲದ ಅರ್ಧವೂ ಆಗುತ್ತಿರಲಿಲ್ಲ. ಸಂಘದಲ್ಲೂ ಮಾತು ಎದ್ದಿತು: ಗಂಡಸರ ಮಷಿನ್ನಿಗೆ ಹೆಣ್ಣುಮಕ್ಕಳ ಉಳಿತಾಯ ಯಾಕೆ? ಈ ಪ್ರಶ್ನೆ ತಪ್ಪಲ್ಲ, ನಾವೂ ಅದನ್ನೇ ಕೇಳಿದೆವು. ಖರೀದಿ ಚೀಟಿ ಆಕೆಯ ಹೆಸರಿನಲ್ಲಿದೆ, ಲೆಕ್ಕದ ಪುಸ್ತಕ ಆಕೆಯ ಕೈಯಲ್ಲಿದೆ ಎಂದು ಕಣ್ಣಾರೆ ಕಂಡ ಮೇಲೆಯೇ ಮುಂದಿನ ಮಾತು. ಮೂರು ತಿಂಗಳು ಬಡ್ಡಿ ಮಾತ್ರ ಕಟ್ಟಲಿ ಎಂದು ಸಂಘ ನಿರ್ಣಯ ಬರೆಯಿತು.

ಮಷಿನ್ ಕೆಟ್ಟಿದೆ ಅಂದರೆ ಏನು ಕೆಟ್ಟಿದೆ? ಇದನ್ನು ಕೇಳದೆ ಬಿಚ್ಚಲು ಕೂತರೆ ಬಿಚ್ಚಿದ್ದೆಲ್ಲ ಮೂಲೆ ಸೇರುತ್ತದೆ. ಅವರು ಮೊದಲು ಪರೀಕ್ಷೆ ಮಾಡಿದರು. ಆರು ಇಂಚಿನಷ್ಟು ಸರಳನ್ನು ಚಕ್ಕಿಗೆ ಕಚ್ಚಿಸಿ, ಟೂಲನ್ನು ಕದಲಿಸದೆ ಎರಡೂ ತುದಿಗೆ ಸಣ್ಣ ಕಟ್ ಕೊಟ್ಟು, ಮೈಕ್ರೊಮೀಟರಿನಲ್ಲಿ ಅಳೆದರು. ಮಿಲಿಮೀಟರಿನ ನೂರು ಪಾಲಿನಲ್ಲಿ ಹನ್ನೆರಡು ಪಾಲು ವ್ಯತ್ಯಾಸ. ನಮ್ಮ ತಲೆಕೂದಲು ಏಳೆಂಟು ಪಾಲು ದಪ್ಪ ಇರುತ್ತದೆ, ಅಷ್ಟಕ್ಕೇ ಆರ್ಡರ್ ವಾಪಸ್!

ದೊಡ್ಡ ದೋಷ ಮಷಿನ್ನಿನಲ್ಲಿ ಇರಲೇ ಇಲ್ಲ, ನೆಲದಲ್ಲಿತ್ತು. ಒಂದು ಕಾಲು ಗಿಡ್ಡಾದ ಮಂಚ ಹೇಗೆ ತಿರುಚುತ್ತದೋ, ಹಾಗೆ ಎರಕದ ಕಬ್ಬಿಣದ ಬೆಡ್ಡೂ ತಿರುಚುತ್ತದೆ. ಗೌಂಡಿಗಳ ರಸಮಟ್ಟ ಇದಕ್ಕೆ ಸಾಲದು. ಪರಿಚಯದ ವರ್ಕ್‌ಶಾಪಿನಿಂದ ಮಷಿನ್ನಿನ ಸೂಕ್ಷ್ಮ ರಸಮಟ್ಟವನ್ನು ಒಂದು ದಿನಕ್ಕೆ ಕಡ ತಂದು, ಕಾಲಿನ ಕೆಳಗೆ ತಗಡಿನ ಚೂರು ಕೊಟ್ಟು, ಬೋಲ್ಟ್ ಬಿಗಿದು ಮತ್ತೆ ಅಳೆದರು. ಹನ್ನೆರಡು ಪಾಲು ಐದಕ್ಕೆ ಇಳಿಯಿತು. ಖರ್ಚು ಸಿಮೆಂಟಿನದು ಮಾತ್ರ.

ಉಳಿದದ್ದು ಸವೆತ. ಲೇತಿನಲ್ಲಿ ಹೆಚ್ಚಿನ ಕೆಲಸ ಚಕ್ಕಿನ ಹತ್ತಿರವೇ ನಡೆಯುವುದರಿಂದ ಬೆಡ್ ಅಲ್ಲೇ ಸವೆಯುತ್ತದೆ, ಹಳೇ ಮನೆಯ ಮೆಟ್ಟಿಲು ನಡುವೆ ಸವೆದ ಹಾಗೆ. ಅದರ ಮೇಲೆ ಓಡಾಡುವ ಸ್ಯಾಡಲಿನ ತಳವೂ ಸವೆದು ಅಲುಗಾಡುತ್ತಿತ್ತು. ಇಲ್ಲಿ ಆಕೆ ತಾವೇ ಕೈ ಹಾಕಿದರು. ಸವೆಯದ ತುದಿಯ ಬೆಡ್ಡಿಗೆ ನೀಲಿ ಬಣ್ಣವನ್ನು ತೆಳ್ಳಗೆ ಸವರಿ, ಸ್ಯಾಡಲನ್ನು ಅದರ ಮೇಲೆ ಸರಿಸಿದರೆ ಉಬ್ಬಿದ ಜಾಗಕ್ಕೆ ಮಾತ್ರ ನೀಲಿ ಹತ್ತುತ್ತದೆ. ಹಳೆಯ ಅರದ ತುದಿ ಮಸೆದು ಮಾಡಿದ ಉಳಿಯಿಂದ ಆ ಚುಕ್ಕೆಗಳನ್ನಷ್ಟೇ ಕೆರೆಯಬೇಕು. ಒರೆಸಿ, ಮತ್ತೆ ನೀಲಿ, ಮತ್ತೆ ಕೆರೆತ. ಮೊದಲು ಮೂರ್ನಾಲ್ಕು ಕಡೆ ಮಾತ್ರ ನೀಲಿ ಕಾಣುತ್ತಿತ್ತು. ಮಕ್ಕಳು ಮಲಗಿದ ಮೇಲೆ ದಿನಕ್ಕೆ ಒಂದು ತಾಸು, ಹೀಗೆ ಎರಡು ತಿಂಗಳು ಕಳೆದ ಮೇಲೆ ತಳದ ತುಂಬ ಚುಕ್ಕೆ ಹರಡಿತು. ಅವಸರದಲ್ಲಿ ಹೆಚ್ಚು ಕೆರೆದರೆ ಸುತ್ತಲಿನದೆಲ್ಲ ಮತ್ತೆ ಇಳಿಸಬೇಕು, ಒಂದು ವಾರ ಹಾಗೂ ಆಯಿತು. ನಜರೇತಿನ ಸಂತ ಜೋಸೆಫರ ಮನೆಯಲ್ಲೂ ಇಂಥ ಸಂಜೆಗಳು ಇದ್ದಿರಬೇಕು.

ಬೆಡ್ಡನ್ನು ಮಾತ್ರ ಮುಟ್ಟಲಿಲ್ಲ. ಅದನ್ನು ಗ್ರೈಂಡಿಂಗ್ ಮಾಡಿಸಲು ಕೇಳಿದ ಹಣ ಮಷಿನ್ನಿನ ಬೆಲೆಗೇ ಸಮ ಇತ್ತು. ಹಟ ಹಿಡಿಯುವುದು ಅಂದರೆ ಇನ್ನೊಂದು ಸಾಲ ಎತ್ತುವುದಲ್ಲ, ಇದನ್ನು ನಾವು ಖಂಡಿತವಾಗಿ ಹೇಳುತ್ತೇವೆ. ಈಗ ವ್ಯತ್ಯಾಸ ಎರಡು ಪಾಲಿಗೆ ಬಂದಿದೆ. ಬೇರಿಂಗ್ ಕೂರುವ ಜಾಗ ಒಂದು ಇಂಚೂ ಇಲ್ಲ, ಅದಕ್ಕೆ ಇಷ್ಟು ಸಾಕು. ಲೀಡ್ ಸ್ಕ್ರೂ ಇನ್ನೂ ಸಡಿಲ ಇರುವುದರಿಂದ ಥ್ರೆಡ್ ಕೆಲಸ ಸದ್ಯ ಒಪ್ಪಿಕೊಳ್ಳುತ್ತಿಲ್ಲ.

ಇನ್ನೊಂದು ಮಾತು, ಮರೆಯಬೇಡಿ. ತಿರುಗುವ ಚಕ್ಕಿನ ಹತ್ತಿರ ಸೆರಗು, ದುಪಟ್ಟಾ, ಬಿಟ್ಟ ಜಡೆ, ಬಳೆ ಯಾವುದೂ ಬೇಡ. ಕೈಗವಸೂ ಬೇಡ, ಅದು ಸಿಕ್ಕಿದರೆ ಕೈಯನ್ನೇ ಎಳೆಯುತ್ತದೆ. ಚಕ್ಕಿನ ಕೀಲಿಯನ್ನು ಅದರಲ್ಲೇ ಬಿಟ್ಟು ಸ್ವಿಚ್ ಹಾಕಬೇಡಿ. ಆಕೆ ಗಂಡನ ಹಳೆಯ ಅಂಗಿಯನ್ನು ತೋಳು ಮಡಚಿ, ಗುಂಡಿ ಹಾಕಿ ತೊಡುತ್ತಾರೆ, ತಲೆಗೆ ಬಟ್ಟೆ ಬಿಗಿದು ಕಟ್ಟುತ್ತಾರೆ. ಓಣಿಯವರು ನಕ್ಕರೆ ನಗಲಿ.

ಸಾಲದಲ್ಲಿ 26,000 ಬಾಕಿ ಇದೆ, ಕಂತು ತಪ್ಪಿಲ್ಲ. ಆಕೆ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ, ಅಳತೆ ಬರೆದ ಪುಸ್ತಕವನ್ನೂ ತಂದಿದ್ದಾರೆ. ಹಿಟ್ಟಿನ ಗಿರಣಿ, ಹೊಲಿಗೆ ಮಷಿನ್ ಕೆಟ್ಟು ಮನೆಯಲ್ಲಿ ಬಿದ್ದಿರುವವರು ಚಹಾ ಆದ ಮೇಲೆ ಅವರ ಹತ್ತಿರ ಕೂತು ಮಾತಾಡಿ.