ಪೀಠಿಕೆಯ ಪದಗಳು: ಬಾಯಿಪಾಠವೋ, ಬೋಧೆಯೋ?

(ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಒಂದೊಂದು ಪದದ ಅರ್ಥಕ್ಕಾಗಿ ನ್ಯಾಯಾಲಯದಲ್ಲಿ ದಿನಗಟ್ಟಲೆ ವಾದಿಸತಕ್ಕವರು ನಾವು. ಆದಕಾರಣ ಪದಗಳ ವಿಷಯವಾಗಿಯೇ ನಾಲ್ಕು ಮಾತುಗಳನ್ನು ಬಿನ್ನವಿಸಲು ತಮ್ಮೆದುರು ನಿಂತಿದ್ದೇವೆ.

1949ನೆಯ ಇಸವಿ ನವೆಂಬರ್ 26ರಂದು ಅಂಗೀಕೃತವಾದ ಭಾರತ ಸಂವಿಧಾನದ ಪೀಠಿಕೆಯನ್ನು ಇಂದು ನಮ್ಮ ಅನೇಕ ಶಾಲೆಗಳಲ್ಲಿ ಮಕ್ಕಳು ಒಕ್ಕೊರಲಿನಿಂದ ಓದುತ್ತಾರೆ. ಕೇಳುವ ಕಿವಿಗೆ ಅದು ಹಬ್ಬವೇ ಸರಿ. ಆದರೆ ಓದುವ ಮಗುವಿಗೆ ಅದರ ಅರ್ಥವಾಗಿದೆಯೇ?

ಹಿಂದೊಮ್ಮೆ ನಾವು ಒಂದು ಶಾಲೆಗೆ ಹೋಗಿದ್ದಾಗ, ‘ಸಾರ್ವಭೌಮ’ ಎಂದರೇನೆಂದು ಕೇಳಿದೆವು. “ದೊಡ್ಡ ರಾಜ” ಎಂದು ಹುಡುಗನೊಬ್ಬನು ಥಟ್ಟನೆ ನುಡಿದನು. ಅವನದು ತಪ್ಪಲ್ಲ, ನಮ್ಮ ಕಾವ್ಯಪುರಾಣಗಳಲ್ಲಿ ಆ ಪದಕ್ಕೆ ಚಕ್ರವರ್ತಿಯೆಂದೇ ಅರ್ಥ. ಪೀಠಿಕೆಯಲ್ಲಿಯಾದರೋ, ತನ್ನ ಮೇಲೆ ಹೊರಗಿನ ಒಡೆಯನಿಲ್ಲದ ದೇಶವೆಂದು ಅರ್ಥ. ಆ ಒಡೆತನವು ಪೀಠಿಕೆಯ ಆರಂಭದಲ್ಲಿಯೇ ಬರುವ ‘ನಾವು’ ಎಂಬವರದು. ಆ ‘ನಾವು’ ಎಂಬುದರೊಳಗೆ ತಾನೂ ಇದ್ದೇನೆಂದು ಹುಡುಗನಿಗೆ ಯಾರೂ ಹೇಳಿರಲಿಲ್ಲ.

‘ಗಣರಾಜ್ಯ’ವನ್ನು ಇತಿಹಾಸದಿಂದ ತಿಳಿಸಬಹುದು. 1947ರ ಆಗಸ್ಟ್ 15ರಂದು ನಾವು ಸ್ವತಂತ್ರರಾದರೂ ಇಂಗ್ಲೆಂಡಿನ ದೊರೆಯೇ ಹೆಸರಿಗೆ ರಾಷ್ಟ್ರದ ಮುಖ್ಯಸ್ಥನಾಗಿದ್ದನು. 1950ರ ಜನವರಿ 26ರಂದು ಆ ಸ್ಥಾನಕ್ಕೆ ಚುನಾಯಿತರಾದ ರಾಜೇಂದ್ರ ಪ್ರಸಾದರು ಬಂದರು. ಹುಟ್ಟಿನಿಂದ ಬರುವ ಪಟ್ಟವು ಅಂದಿಗೆ ಮುಗಿಯಿತು.

‘ಜಾತ್ಯತೀತ’ ಎಂಬ ಪದದಲ್ಲಿ ಇನ್ನೊಂದು ತೊಡಕುಂಟು. ಸಮಾಜವಾದಿ, ಅಖಂಡತೆ ಎಂಬ ಪದಗಳೊಡನೆ ಇದು 1976ರ 42ನೆಯ ತಿದ್ದುಪಡಿಯಿಂದ ಸೇರಿತು. ಕೇವಲ ಪದವನ್ನು ಬಿಡಿಸಿದರೆ ಜಾತಿಯನ್ನು ಮೀರಿದ್ದು ಎಂದಾಗುವುದು. ಇಲ್ಲಿಯ ಇಂಗಿತವು ಬೇರೆ: ರಾಜ್ಯಕ್ಕೆ ತನ್ನದೇ ಆದ ಮತವಿಲ್ಲ, ಎಲ್ಲ ಮತದವರೂ ಅದಕ್ಕೆ ಸಮಾನರು. ನಿಘಂಟನ್ನು ನೋಡಿದ ಮಾತ್ರಕ್ಕೆ ಇದು ತಿಳಿಯದು, ಉಪಾಧ್ಯಾಯರೇ ತಿಳಿಸಬೇಕು.

‘ಸಮಾನತೆ’ಗೆ ನಿಘಂಟೇಕೆ? ಊರ ಬಾವಿಯೇ ಸಾಕು. ಬಾವಿ, ಕೆರೆ, ಸ್ನಾನಘಟ್ಟಗಳ ಬಳಕೆಯಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು 15ನೆಯ ಅನುಚ್ಛೇದವು ವಿಧಿಸುತ್ತದೆ. 17ನೆಯದು ಅಸ್ಪೃಶ್ಯತೆಯನ್ನೇ ರದ್ದುಪಡಿಸಿದೆ. 1927ರಲ್ಲಿ ಮಹಾಡದ ಚವದಾರ ಕೆರೆಯ ನೀರನ್ನು ಮುಟ್ಟಲು ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಬೇಕಾಯಿತೆಂಬುದನ್ನು ಮಕ್ಕಳಿಗೆ ಹೇಳಿರಿ. ಆಮೇಲೆ, ತಮ್ಮೂರಿನಲ್ಲಿ ಹೇಗಿದೆಯೆಂದು ಅವರನ್ನೇ ಕೇಳಿರಿ. ಉತ್ತರವು ನಮಗೆ ಅಹಿತವಾದರೂ ಆಗಬಹುದು, ಆದರೂ ಕೇಳಲೇಬೇಕು. ರಾಜಕೀಯದಲ್ಲಿ ಸಮಾನತೆ, ಬಾಳಿನಲ್ಲಿ ಅಸಮಾನತೆ ಎಂಬ ವಿರೋಧವನ್ನು ಬಹುಕಾಲ ಉಳಿಸಿಕೊಳ್ಳಲಾಗದೆಂದು 1949ರ ನವೆಂಬರ್ 25ರಂದು ಅಂಬೇಡ್ಕರರೇ ಎಚ್ಚರಿಸಿದ್ದರು. ಆ ವಿರೋಧವನ್ನು ಕಳೆಯತಕ್ಕ ಪದವೇ ‘ಭ್ರಾತೃತ್ವ’. ಒಡಹುಟ್ಟಿದವರ ಭಾವವೆಂದು ಅದನ್ನು ತಿಳಿಸಿರಿ, ಹೆಣ್ಣುಮಕ್ಕಳು ಹೊರಗುಳಿಯದಿರಲಿ.

ನಮ್ಮ ಸೂಚನೆ ಇಷ್ಟೆ. ವಾರಕ್ಕೊಂದೇ ಪದವನ್ನು ತೆಗೆದುಕೊಳ್ಳಿರಿ. ಮಗು ಆ ಪದವನ್ನು ಹೇಗೆ ತಿಳಿದಿದೆಯೆಂದು ಮೊದಲು ಕೇಳಿರಿ. ಅನಂತರ ಸಂವಿಧಾನದಲ್ಲಿಯ ಅರ್ಥವನ್ನು ಹೇಳಿರಿ. ಕೊನೆಗೆ ಊರಿನಿಂದಲೇ ಒಂದು ನಿದರ್ಶನವನ್ನು ತರಿಸಿರಿ. ‘ನ್ಯಾಯ’ವೆಂದರೆ ಕಟ್ಟೆಯ ಮೇಲಿನ ಜಗಳವೆಂದು ತಿಳಿದ ಮಗುವಿಗೆ, ಕೂಲಿಯಲ್ಲಿಯೂ ಮತದಲ್ಲಿಯೂ ನ್ಯಾಯವುಂಟೆಂದು ಆಗ ಹೊಳೆಯುವುದು.

ಬರೆಹವನ್ನು ಅರಿಯದೆ ಹೆಬ್ಬೆಟ್ಟನ್ನೊತ್ತಿ ಹೊಲ ಕಳೆದುಕೊಂಡವರನ್ನು ನಮ್ಮ ವೃತ್ತಿಯಲ್ಲಿ ನಾವು ಕಂಡಿದ್ದೇವೆ. ಪತ್ರದಲ್ಲಿ ಏನಿತ್ತೆಂದು ಅವರಿಗೆ ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತಿತ್ತು. ಅರ್ಥವರಿಯದೆ ಪೀಠಿಕೆಯನ್ನು ಒಪ್ಪಿಸುವುದೂ ಒಂದು ಬಗೆಯ ಹೆಬ್ಬೆಟ್ಟೇ. ನಮ್ಮ ಮಕ್ಕಳು ತಮ್ಮ ಪತ್ರವನ್ನು ತಾವೇ ಓದಿ, ತಿಳಿದು, ಸಹಿ ಮಾಡುವಂತಾಗಲಿ. ಆ ಕೆಲಸವು ನಮ್ಮಂಥ ವಕೀಲರಿಂದಾಗದು, ತಮ್ಮಿಂದಲೇ ಆಗಬೇಕು ಎಂದು ಬಿನ್ನವಿಸಿ ವಿರಮಿಸುತ್ತೇವೆ.