ಗ್ರಾಮಾಧಿಕಾರ: ಆರಿಸತಕ್ಕದ್ದೋ, ನೇಮಿಸತಕ್ಕದ್ದೋ?

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಇಂಥ ಸಭೆಗಳಲ್ಲಿ ಶಾಸ್ತ್ರವಿಚಾರಗಳು ನಡೆಯುವದು ವಾಡಿಕೆಯು. ಇಂದು ನನ್ನ ಪಾಲಿಗೆ ಬಂದ ವಿಷಯವಾದರೋ ಲೌಕಿಕವಾದುದು. ಊರಿನ ಅಧಿಕಾರಿಯನ್ನು ಜನರು ಆರಿಸಬೇಕೋ, ಸರಕಾರವು ನೇಮಿಸಬೇಕೋ ಎಂಬುದೇ ಅದು. ಇಲ್ಲಿ ನೆರೆದವರಲ್ಲಿ ಬಹುಮಂದಿ ಒಕ್ಕಲಿಗರು. ಪಹಣಿಯ ತಿದ್ದುಪಡಿಗಾಗಿ ಅಲೆದವರು, ನಳದ ನೀರಿಗಾಗಿ ಪಂಚಾಯಿತಿಯ ಬಾಗಿಲು ಕಾದವರು. ಆದಕಾರಣ ಈ ವಿಚಾರವು ತಮಗೆ ಹೊರತಾದುದೆಂದು ನಾನು ಭಾವಿಸಲಾರೆನು.

ಆರಿಸುವದು, ನೇಮಿಸುವದು ಎಂಬ ಈ ಎರಡೂ ನಮ್ಮ ನಾಡಿನಲ್ಲಿ ಹಳೆಯವಲ್ಲ. ಶತಮಾನಗಳ ಕಾಲ ನಡೆದು ಬಂದದ್ದು ಮೂರನೆಯದು, ಎಂದರೆ ವಂಶಪರಂಪರೆಯು. ಗೌಡನ ಮಗನು ಗೌಡನು, ಶಾನುಭೋಗನ ಮಗನು ಶಾನುಭೋಗನು, ತಳವಾರನ ಮಗನು ತಳವಾರನು. ಉಂಬಳಿಯ ಭೂಮಿಯೂ ಅಧಿಕಾರವೂ ಕೂಡಿಯೇ ಇಳಿದು ಬರುತ್ತಿದ್ದವು. ಈ ಪದ್ಧತಿಯಲ್ಲಿ ಗುಣವೇ ಇರಲಿಲ್ಲವೆಂದು ಹೇಳುವದು ಅನ್ಯಾಯವಾದೀತು. ಯಾರ ಹೊಲದ ಬದುವು ಎಲ್ಲಿಗೆ ಮುಗಿಯುವದೆಂಬುದು ಶಾನುಭೋಗನಿಗೆ ದಫ್ತರವನ್ನು ಬಿಚ್ಚದೆಯೇ ತಿಳಿದಿರುತ್ತಿತ್ತು. ಆದರೆ ಆ ದಫ್ತರವು ಅವನ ಮನೆಯ ಪೆಟ್ಟಿಗೆಯಲ್ಲಿಯೇ ಇರುತ್ತಿತ್ತೆಂಬುದನ್ನೂ ಮರೆಯಲಾಗದು. ಓದು ಬಾರದ ರೈತನು ಅವನ ಲೇಖನಿಗೆ ಅಧೀನನು. ಗ್ರಾಮಾಧಿಕಾರಗಳ ನಿರ್ಮೂಲನಕ್ಕಾಗಿ 1961 ರಲ್ಲಿ ಆದ ಕಾಯಿದೆಯು 1963 ರ ಫೆಬ್ರವರಿಯಲ್ಲಿ ಜಾರಿಗೆ ಬಂದು, ಈ ವಂಶಾಧಿಕಾರವು ಕೊನೆಗೊಂಡಿತು. ಸಂಬಳದ ಗ್ರಾಮಲೆಕ್ಕಿಗನು ಊರಿಗೆ ಬಂದನು.

ಹಾಗಾದರೆ ಪ್ರಾಚೀನರು ಆರಿಸುವದನ್ನು ಅರಿಯರೆ? ತಮಿಳು ದೇಶದ ಉತ್ತರಮೇರೂರಿನ ಶಾಸನಗಳನ್ನು ನೋಡತಕ್ಕದ್ದು. ಚೋಳರಾಜನಾದ ಒಂದನೆಯ ಪರಾಂತಕನ ಕಾಲದವು ಅವು, ಕ್ರಿ. ಶ. 919 ಮತ್ತು 921 ರ ಸುಮಾರಿನವು. ಕೆರೆಗೊಂದು, ತೋಟಗಳಿಗೊಂದು, ಹೀಗೆ ಸಮಿತಿಗಳು. ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು, ಕೊಡದೊಳಗೆ ಹಾಕಿ, ಎಲ್ಲರೆದುರಿಗೆ ಒಬ್ಬ ಬಾಲಕನಿಂದ ಎತ್ತಿಸುತ್ತಿದ್ದರು. ಅದು ಬ್ರಾಹ್ಮಣರ ಸಭೆಯು. ಭೂಮಿ, ಸ್ವಂತ ಮನೆ, ವೇದಾಧ್ಯಯನಗಳಿಲ್ಲದವನ ಹೆಸರು ಕೊಡವನ್ನು ಸೇರುತ್ತಿರಲಿಲ್ಲ. ಆದುದರಿಂದ ಅದನ್ನು ಪ್ರಜಾಪ್ರಭುತ್ವವೆಂದು ಹೊಗಳುವವರ ಮಾತನ್ನು ನಾನು ಒಪ್ಪೆನು. ಆದರೆ ಅಲ್ಲಿಯ ಎರಡು ಕಟ್ಟಳೆಗಳು ಮನನಯೋಗ್ಯವಾದವು. ಹಿಂದಿನ ಮೂರು ವರ್ಷಗಳಲ್ಲಿ ಸಮಿತಿಯಲ್ಲಿದ್ದವನು ಮರಳಿ ಬರಲಾಗದು. ಲೆಕ್ಕವನ್ನೊಪ್ಪಿಸದೆ ಹೋದವನೂ ಅವನ ನಂಟರೂ ಕೊಡದ ಸಮೀಪಕ್ಕೂ ಸಲ್ಲರು. ನಂಟರನ್ನು ಕೂಡ ಹೊರಗಿಟ್ಟರಲ್ಲ, ಅವರು ಮನುಷ್ಯಸ್ವಭಾವವನ್ನು ಬಲ್ಲವರು!

ಆಧುನಿಕ ಕಾಲದಲ್ಲಿ 1882 ರಲ್ಲಿ ರಿಪ್ಪನ್ ಪ್ರಭುವಿನ ನಿರ್ಣಯವು ಸ್ಥಳೀಯ ಮಂಡಲಿಗಳಲ್ಲಿ ಸರಕಾರಿಗಳಲ್ಲದವರೇ ಹೆಚ್ಚಾಗಿರಬೇಕೆಂದು ಸಾರಿತು. ಆದರೂ ಬಹುಕಾಲದ ವರೆಗೆ ಅನೇಕ ಜಿಲ್ಲಾ ಮಂಡಲಿಗಳ ಅಧ್ಯಕ್ಷಪೀಠದಲ್ಲಿ ಕಲೆಕ್ಟರನೇ ಕುಳಿತಿದ್ದನು. ಕುಳಿತವನೆದುರಿಗೆ ನಿಂತು ಮಾತನಾಡುವ ಸದಸ್ಯನು ಎಷ್ಟು ಮಾತನಾಡಿಯಾನು?

ಈ ಕ್ರಮವನ್ನು ಕರ್ನಾಟಕದಲ್ಲಿ ತಲೆಕೆಳಗು ಮಾಡಿದ್ದು 1983 ರ ಕಾಯಿದೆಯು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳು, ಅಬ್ದುಲ್ ನಜೀರ್ ಸಾಬರು ಮಂತ್ರಿಗಳು. ಕೊಳವೆಬಾವಿಗಳನ್ನು ತೋಡಿಸಿ ‘ನೀರ್ ಸಾಬ್’ ಎನಿಸಿಕೊಂಡ ಆ ಪುಣ್ಯಾತ್ಮರನ್ನು ಬರದ ಸೀಮೆಯ ಹಿರಿಯರು ನೆನೆಯದೆ ಇರಲಾರರು. 1987 ರಲ್ಲಿ ಚುನಾವಣೆಗಳಾಗಿ ಮಂಡಲ ಪಂಚಾಯಿತಿಗಳೂ ಜಿಲ್ಲಾ ಪರಿಷತ್ತುಗಳೂ ಬಂದವು. ಪರಿಷತ್ತಿನ ಚುನಾಯಿತ ಅಧ್ಯಕ್ಷನ ಕೈಕೆಳಗೆ ಜಿಲ್ಲಾಧಿಕಾರಿಗಿಂತ ಹಿರಿಯನಾದ ಅಧಿಕಾರಿಯು ಮುಖ್ಯಕಾರ್ಯದರ್ಶಿಯಾಗಿ ಕೆಲಸ ಮಾಡಿದನು. ಹೆಣ್ಣುಮಕ್ಕಳಿಗೆ ನಾಲ್ಕನೆಯ ಒಂದು ಪಾಲು ಸ್ಥಾನಗಳನ್ನಿತ್ತರು. ಮುಂದೆ 1993 ರಲ್ಲಿ ಜಾರಿಗೆ ಬಂದ ಸಂವಿಧಾನದ 73 ನೆಯ ತಿದ್ದುಪಡಿಯಿಂದ ಅದು ಮೂರನೆಯ ಒಂದು ಪಾಲಾಯಿತು; 2010 ರಲ್ಲಿ ಈ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧವಾಯಿತು. ಹೆಂಡತಿಯ ಕುರ್ಚಿಯಲ್ಲಿ ಗಂಡನು ಕೂಡ್ರುವನೆಂದು ನಗುವವರುಂಟು, ನಗಲಿ. ನೇಮಕದ ದಾರಿಯೊಂದೇ ಇದ್ದಿದ್ದರೆ ಊರ ಚಾವಡಿಯ ಕಟ್ಟೆಯನ್ನು ಹೆಣ್ಣುಮಗಳು ಎಂದಿಗೆ ಹತ್ತುತ್ತಿದ್ದಳು?

ಹಾಗೆಂದು ಎಲ್ಲರನ್ನೂ ಆರಿಸತಕ್ಕದ್ದೆಂದು ನಾನು ಹೇಳೆನು. ಅಮೆರಿಕಾ ದೇಶದ ಅನೇಕ ಸಂಸ್ಥಾನಗಳಲ್ಲಿ ನ್ಯಾಯಾಧೀಶರನ್ನೂ ಷೆರೀಫರನ್ನೂ ಮತದಿಂದ ಆರಿಸುತ್ತಾರೆ. ಅದು ನನಗೆ ಸರಿದೋರದು. ನನ್ನ ಹೊಲವನ್ನು ಅಳೆಯುವವನು ನನ್ನ ದಾಯಾದಿಯ ಮತಕ್ಕೆ ಕೈಯೊಡ್ಡಿದವನಾದರೆ ಸರಪಳಿಯು ಎತ್ತ ಎಳೆದೀತು? ಊರಿಗೆ ಮೊದಲು ಚರಂಡಿಯೋ ಶಾಲೆಯ ಕೋಣೆಯೋ ಎಂದು ತೀರ್ಮಾನಿಸುವವನು ಜನರಿಂದ ಬರಲಿ. ಏಕೆಂದರೆ ಅದರಲ್ಲಿ ಪರೀಕ್ಷೆಯಿಂದ ತಿಳಿಯುವಂಥದೇನೂ ಇಲ್ಲ, ಬೇಕಾದುದು ಜನರ ಇಚ್ಛೆಯು. ಖಿರ್ದಿಯನ್ನು ಬರೆಯುವವನು, ಗಡಿಯನ್ನು ಗುರುತಿಸುವವನು ಪರೀಕ್ಷೆಯಿಂದ ಬರಲಿ. ಏಕೆಂದರೆ ಅಲ್ಲಿ ಇಚ್ಛೆಗೆ ಎಡೆಯೇ ಇರಬಾರದು. ಮೊದಲಿನವನು ಎರಡನೆಯವನಿಂದ ಲೆಕ್ಕವನ್ನು ಕೇಳಬಹುದು, ಲೆಕ್ಕವನ್ನು ತಿದ್ದೆಂದು ಹೇಳಲಾಗದು. ಈಗಿನ ಗ್ರಾಮ ಪಂಚಾಯಿತಿಯಲ್ಲಿ ಚುನಾಯಿತ ಅಧ್ಯಕ್ಷರೂ ನೇಮಕದ ಅಭಿವೃದ್ಧಿ ಅಧಿಕಾರಿಯೂ ಇರುವದು ಈ ನ್ಯಾಯಕ್ಕೆ ಅನುಗುಣವಾಗಿಯೇ ಇದೆ. ಇಬ್ಬರೂ ಕೂಡಿ ನುಂಗಿದರೆ ಗತಿಯೇನೆಂದು ತಾವು ಕೇಳಬಹುದು. ಅದನ್ನು ಕೊನೆಗೆ ಹೇಳುವೆನು.

ಅದಕ್ಕೆ ಮೊದಲು ಕಟುವಾದ ಒಂದು ಮಾತು. 2020 ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಕೆಲವು ಊರುಗಳಲ್ಲಿ ಸದಸ್ಯಸ್ಥಾನಗಳನ್ನು ಹರಾಜಿಗಿಟ್ಟ ವಾರ್ತೆಗಳು ಪತ್ರಿಕೆಗಳಲ್ಲಿ ಬಂದವು. ಹೆಚ್ಚು ಕೂಗಿದವನು ‘ಅವಿರೋಧ ಆಯ್ಕೆ’. ಹಣವು ದೇವಸ್ಥಾನದ ಕೆಲಸಕ್ಕೆ! ಭಕ್ತರು ಇಲ್ಲಿಯೇ ಹೆಚ್ಚಾಗಿ ಮೋಸಹೋಗುವರು. ಗುಡಿಗೆ ಕಲಶವಾಯಿತು, ಜಗಳವೂ ತಪ್ಪಿತು, ಕೆಟ್ಟದ್ದೇನೆಂದು ಕೇಳುವರು. ಕೊಂಡವನು ತನ್ನ ಅಸಲನ್ನು ಎಲ್ಲಿಂದ ತೆಗೆಯುವನು? ತನ್ನ ಕೇರಿಗೆ ದೀಪವಿಲ್ಲವೆಂದು ಕೇಳಬೇಕಾದ ಬಡವನ ಮತವನ್ನು ಅವನನ್ನು ಕೇಳದೆಯೇ ಮಾರಿ, ಆ ಹಣದ ಕಲಶವನ್ನು ದೇವರಿಗೆ ಏರಿಸುವದು ಧರ್ಮವೆನ್ನಲು ನನ್ನ ನಾಲಗೆಯು ಏಳದು. ತಮ್ಮ ಊರಿನಲ್ಲಿ ಅಂಥ ಹಣವು ಗುಡಿಗಾಗಲಿ ಮಠಕ್ಕಾಗಲಿ ಬಂದರೆ ಮರಳಿಸತಕ್ಕದ್ದು.

ಇನ್ನೊಂದು ರೋಗವು ಸರಕಾರದ್ದು. ಪಂಚಾಯಿತಿಗಳ ಅವಧಿಯು ಐದೇ ವರ್ಷವೆಂದೂ ಅದು ಮುಗಿಯುವ ಮೊದಲೇ ಚುನಾವಣೆಯಾಗತಕ್ಕದ್ದೆಂದೂ ಸಂವಿಧಾನವು ಸ್ಪಷ್ಟವಾಗಿ ವಿಧಿಸಿರುವದು. ಆದರೂ 2021 ರಲ್ಲಿ ಅವಧಿ ತೀರಿದ ಜಿಲ್ಲಾ, ತಾಲೂಕು ಪಂಚಾಯಿತಿಗಳು ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ಬೆಂಗಳೂರು ಮಹಾನಗರ ಪಾಲಿಕೆಗೂ 2020 ರಿಂದ ಅದೇ ಗತಿಯಾಯಿತು. ಆ ಅಧಿಕಾರಿಗಳು ದಕ್ಷರೇ ಇರಬಹುದು. ಆದರೆ ಅವರನ್ನು ಕೇಳುವವರು ಮೇಲಿದ್ದಾರೆ, ಕೆಳಗಿಲ್ಲ.

ಇನ್ನು ಇಬ್ಬರೂ ಕೂಡಿ ನುಂಗುವ ಮಾತು. ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರತಕ್ಕದ್ದೆಂದು 1993 ರ ಕಾಯಿದೆಯಲ್ಲಿಯೇ ಇದೆ. ವರ್ಷಕ್ಕೊಮ್ಮೆ ಪಂಚಾಯಿತಿಯ ಲೆಕ್ಕಪತ್ರಗಳನ್ನೂ ಕಾಮಗಾರಿಗಳನ್ನೂ ಜನರೆದುರು ಪರೀಕ್ಷಿಸುವದಕ್ಕೆ ಜಮಾಬಂದಿಯೆಂಬ ಹೆಸರಿದೆ. ಹಿಂದೆ ಜಮಾಬಂದಿಯೆಂದರೆ ಸಾಹೇಬನು ಬಂದು ರೈತನ ಕಂದಾಯವನ್ನು ಗೊತ್ತುಪಡಿಸುವದು. ಈಗ ರೈತನೇ ಹೋಗಿ ಲೆಕ್ಕವನ್ನು ಕೇಳುವದು. ಜಾತ್ರೆಗೆ ಬಂಡಿ ಕಟ್ಟಿಕೊಂಡು ಬರುವ ನಾವು ಆ ದಿನದ ಡಂಗುರವನ್ನು ಕೇಳಿಯೂ ಮನೆಯಲ್ಲಿರುವೆವು. ಈ ವರ್ಷದ ಜಮಾಬಂದಿಗೆ ಪ್ರತಿಯೊಂದು ಊರಿನಿಂದಲೂ ಲೆಕ್ಕ ಓದಬಲ್ಲ ನಾಲ್ವರಾದರೂ ಹೋಗಬೇಕು. ಅವರಲ್ಲಿ ಇಬ್ಬರು ಹೆಣ್ಣುಮಕ್ಕಳಿರಲಿ.